ಮುರಿಗೆಪ್ಪನವರ ವ್ಯಾನಿನ ನಿಲುಗಡೆಗಳು

ನಮ್ಮೂರಿನ ಗಾಡಿಗಳು ತಾವು ದಿನಾ ನಿಂತ ಜಾಗವನ್ನು ಮರೆಯುವುದಿಲ್ಲ. ಯಜಮಾನ ಬದಲಾಗಲಿ, ಬಣ್ಣ ಬದಲಾಗಲಿ, ಆ ಜಾಗ ಬಂತೆಂದರೆ ನಿಂತೇಬಿಡುತ್ತವೆ. ಅಲ್ಲಿ ಮೊದಲು ಏನು ನಡೆಯುತ್ತಿತ್ತೋ ಅದು ನಡೆಯುವ ತನಕ ಎಷ್ಟು ಒದ್ದಾಡಿದರೂ ಮುಂದಕ್ಕೆ ಹೋಗುವುದಿಲ್ಲ. ಹೊರಗಿನಿಂದ ಬಂದವರು ಬಾನೆಟ್ ಎತ್ತಿ ಇಣುಕುತ್ತಾರೆ. ಇಣುಕಲಿ ಪಾಪ. ನಾವು ಹುಟ್ಟಿದಾಗಿನಿಂದ ಇದನ್ನೇ ನೋಡುತ್ತ ಬಂದವರು, ನಮಗೆ ಇದರಲ್ಲಿ ಬೆರಗೂ ಇಲ್ಲ, ಬೇಸರವೂ ಇಲ್ಲ. ನನಗೆ ಮಾತ್ರ ಹೋದ ವರ್ಷದಿಂದ ಬೇಸರ ಶುರುವಾಯಿತು.

ನನ್ನ ಗಂಡ ದ್ಯಾಮಣ್ಣನ ಎರಡೂ ಮೂತ್ರಪಿಂಡಗಳು ಕೈಕೊಟ್ಟವು. ವಾರಕ್ಕೆ ಮೂರು ಸಲ ಹೊಳೆಯಾಚೆಯ ಆಸ್ಪತ್ರೆಗೆ ಹೋಗಿ ಡಯಾಲಿಸಿಸ್ ಮಾಡಿಸಿಕೊಂಡು ಬರಬೇಕು. ಹೇಳಿದ ಹೊತ್ತಿಗೆ ಹೋಗದಿದ್ದರೆ ಯಂತ್ರವನ್ನು ಬೇರೆಯವರಿಗೆ ಕೊಡುತ್ತಾರೆ. ತಪ್ಪು ಆಸ್ಪತ್ರೆಯವರದಲ್ಲ, ಕಾಯುವ ಮಂದಿ ಅಷ್ಟಿದ್ದಾರೆ. ನಾನು ಹಿಟ್ಟಿನ ಗಿರಣಿ ನಡೆಸುವವಳು, ನನ್ನ ಹತ್ತಿರ ಗಾಡಿ ಎಲ್ಲಿಯದು? ಬಾಡಿಗೆ ಆಟೋದಲ್ಲೇ ಕರೆದುಕೊಂಡು ಹೋಗುತ್ತಿದ್ದೆ. ಒಂದು ಆಟೋ ಮಿಠಾಯಿ ಅಂಗಡಿಯ ಮುಂದೆ ನಿಲ್ಲುತ್ತಿತ್ತು, ಒಳಗಿದ್ದವರಲ್ಲಿ ಒಬ್ಬರಾದರೂ ಜಿಲೇಬಿ ತಿನ್ನಲೇಬೇಕು. ಗಂಡನಿಗೆ ಪಥ್ಯ, ಹೀಗಾಗಿ ಬೆಳಗಿನ ಆರು ಗಂಟೆಗೆ ಬಾಯಿ ಮುಕ್ಕಳಿಸಿದ ತಕ್ಷಣ ನಾನು ಜಿಲೇಬಿ ತಿನ್ನುತ್ತಿದ್ದೆ. ಇನ್ನೊಂದು ಇಸ್ಪೀಟಿನ ಕ್ಲಬ್ಬಿನ ಮುಂದೆ ನಿಂತರೆ ಡ್ರೈವರು ಒಂದಾಟ ಆಡಿ ಬರುವ ತನಕ ಹೊರಡುತ್ತಿರಲಿಲ್ಲ, ಅವನು ಸೋತರಂತೂ ದಾರಿಯುದ್ದಕ್ಕೂ ನಮ್ಮ ಮೇಲೆ ಸಿಡಿಮಿಡಿ.

ಇದನ್ನೆಲ್ಲ ಸಹಿಸಿಕೊಂಡೆ. ಆದರೆ ಒಂದು ದಿನ ಹತ್ತಿದ ಆಟೋ ಒಂದು ಹಾಳುಬಿದ್ದ ಗೋದಾಮಿನ ಮುಂದೆ ನಿಂತಿತು. ಡ್ರೈವರು ಅದನ್ನು ಆ ವಾರವಷ್ಟೇ ಕೊಂಡಿದ್ದ, ಏನಕ್ಕೆ ನಿಂತಿದೆಯೋ ಅವನಿಗೇ ಗೊತ್ತಿರಲಿಲ್ಲ. ಹಾರ್ನ್ ಹೊಡೆದ, ಬಾಗಿಲು ಬಡಿದ, ಗೋಡೆಗೆ ಕೈ ಮುಗಿದ. ಅಷ್ಟರಲ್ಲಿ ಗಂಡನ ಮುಖ ಊದಿಕೊಂಡು ಉಸಿರು ಸಿಕ್ಕಿಕೊಂಡಿತು. ಕೊನೆಗೆ ತರಕಾರಿ ತಳ್ಳುಗಾಡಿಯ ಮೇಲೆ ಮಲಗಿಸಿ, ಗುರುತು ಪರಿಚಯ ಇಲ್ಲದ ನಾಲ್ಕು ಜನ ಸೇರಿ ಸೇತುವೆ ದಾಟಿಸಿದರು. ಅವತ್ತು ಜೀವ ಉಳಿದದ್ದು ಪುಣ್ಯ. ಅವತ್ತೇ ನಿಶ್ಚಯ ಮಾಡಿದೆ, ನಮ್ಮ ಮನೆಯಿಂದ ಆಸ್ಪತ್ರೆಯ ತನಕ ಎಲ್ಲೂ ನಿಲ್ಲದ ಒಂದು ಗಾಡಿ ಕೊಳ್ಳಬೇಕು. ಹೊಸದು ನಮ್ಮ ಕೈಗೆ ಎಟುಕುವುದಲ್ಲ. ಹಳೆಯದನ್ನೇ, ಆದರೆ ಅದರ ಚರಿತ್ರೆಯನ್ನು ಪೂರ್ತಿ ಜಾಲಾಡಿ ಕೊಳ್ಳಬೇಕು.

ಚರಿತ್ರೆ ಜಾಲಾಡುವುದಕ್ಕೆ ನಮ್ಮಲ್ಲಿ ಇರುವುದು ಒಂದೇ ರೀತಿ. ಗಾಡಿಯನ್ನು ಊರ ಅಗಸಿ ಬಾಗಿಲಿನ ಮುಂದಿನ ಬಯಲಿಗೆ ತಂದು, ಗೇರು ತೆಗೆದು, ಒಳಗೆ ಯಾರೂ ಇಲ್ಲದ ಹಾಗೆ ಬಾಗಿಲು ಹಾಕಿ ಬೆನ್ನು ತಟ್ಟುವುದು. ಅದು ತನ್ನಷ್ಟಕ್ಕೆ ತಾನು ಎತ್ತಿನ ನಡಿಗೆಯಲ್ಲಿ ಹೊರಡುತ್ತದೆ, ತಾನು ನಿಲ್ಲುತ್ತಿದ್ದ ಒಂದೊಂದೇ ಜಾಗಕ್ಕೆ ಹೋಗಿ ನಿಲ್ಲುತ್ತದೆ. ಕೊಳ್ಳುವವರು ಕೊಡೆ ಹಿಡಿದು ಹಿಂದೆ ನಡೆಯಬೇಕು, ಪ್ರತಿ ನಿಲುಗಡೆಯಲ್ಲೂ ಅದು ಏನನ್ನು ಕಾಯುತ್ತಿದೆ ಎಂದು ಪತ್ತೆ ಮಾಡಬೇಕು. ಮಾರುವವರು ಜೊತೆಗೆ ಬರುವಂತಿಲ್ಲ. ಹೀಗೆ ಹೋಗುವ ಗಾಡಿಗೆ ಬಸ್ಸಿನವರೂ ದಾರಿ ಬಿಡುತ್ತಾರೆ. ಹೆಣ್ಣು ಕೊಡುವವರು ಕೂಡ ಹುಡುಗನ ಬೈಕಿನ ಹಿಂದೆ ಒಂದು ಸುತ್ತು ನಡೆದ ಮೇಲೆಯೇ ತಾಂಬೂಲ ಬದಲಾಯಿಸುವುದು. ಗಾಡಿ ಮಾರುವವರೇನು ಕಡಿಮೆಯೇ, ಎರಡು ತಿಂಗಳು ಮೊದಲೇ ಅದನ್ನು ದಿನಾ ಮಠದ ಮುಂದೆ ನಿಲ್ಲಿಸಿ ಒಳ್ಳೆಯ ಬುದ್ಧಿ ಕಲಿಸುತ್ತಾರೆ. ಮಠದ ಮುಂದೆ ಬಹಳ ಹೊತ್ತು ನಿಲ್ಲುವ ಗಾಡಿಯನ್ನು ಕಂಡರೆ ನನಗೆ ಮೊದಲು ಅನುಮಾನ ಬರುವುದು ಅದಕ್ಕೇ.

ಗಾಡಿಗಳ ದಲ್ಲಾಳಿ ಖಾಜಾಸಾಬ ನನಗೆ ತೋರಿಸದ ಗಾಡಿಯಿಲ್ಲ. ಒಂದು ಕಾರು ಊರಿನ ಎಲ್ಲ ಮದುವೆ ಛತ್ರಗಳ ಮುಂದೆ ನಿಂತು ಊಟದ ವಾಸನೆ ಬರುವ ತನಕ ಕದಲಲಿಲ್ಲ, ಅದರ ಯಜಮಾನ ಕರೆಯದೆ ಹೋಗಿ ಉಣ್ಣುವ ಆಸಾಮಿ ಎಂದು ಆಮೇಲೆ ತಿಳಿಯಿತು. ಇನ್ನೊಂದು ಜೀಪು ಆಸ್ಪತ್ರೆಯ ದಾರಿಯಲ್ಲೇ ಒಬ್ಬರ ಮನೆಯ ಮುಂದೆ ನಿಂತಿತು, ಅವರು ಹೊರಗೆ ಬಂದು ಬೈದ ಮೇಲೆಯೇ ಹೊರಟಿತು. ಮನೆಯವರು, “ಬೈಯಾಕ ನಮಗ ದಿನಾ ಪುರುಸೊತ್ತು ಇರೂದಿಲ್ರಿ” ಎಂದು ಮೊದಲೇ ಹೇಳಿಬಿಟ್ಟರು. ನಡೆದು ನಡೆದು ನನ್ನ ಹಿಮ್ಮಡಿಗಳು ಒಡೆದವು. ಖಾಜಾಸಾಬನಿಗೆ ನನ್ನ ಸಹವಾಸ ಸಾಕಾಗಿತ್ತು.

“ನೀಲಕ್ಕಾ, ಇದೊಂದು ನೋಡಿಬಿಡ್ರಿ. ಇದೂ ಬ್ಯಾಡಂದ್ರ ನೀವು ಎತ್ತಿನ ಗಾಡಿ ಮಾಡ್ಕೊಳ್ರಿ,” ಎಂದು ಒಂದು ದಿನ ಅವನು ನನ್ನನ್ನು ಮುರಿಗೆಪ್ಪನವರ ಮನೆಗೆ ಕರೆದುಕೊಂಡು ಹೋದ.

ಮುರಿಗೆಪ್ಪನವರು ಕರೆಂಟ್ ಆಫೀಸಿನಲ್ಲಿ ಲೈನ್‌ಮ್ಯಾನ್ ಆಗಿ ನಿವೃತ್ತರಾದವರು. ಮಕ್ಕಳಿಲ್ಲ, ಹೆಂಡತಿ ಗಂಗವ್ವ ತೀರಿಕೊಂಡು ಎರಡು ವರ್ಷವಾಗಿತ್ತು. ಎತ್ತರದ ಆಳು, ಮಾತು ಮೆಲ್ಲಗೆ. ಅಂಗಳದಲ್ಲಿ ಅವರ ಬಿಳಿ ವ್ಯಾನು ತೊಳೆದಿಟ್ಟ ಪಾತ್ರೆಯ ಹಾಗೆ ನಿಂತಿತ್ತು. ಸೀಟು ಹರಿದಿಲ್ಲ, ಟಯರು ಸವೆದಿಲ್ಲ, ಹಿಂದೆ ದ್ಯಾಮಣ್ಣ ಕಾಲು ಚಾಚಿ ಮಲಗುವಷ್ಟು ಜಾಗ. ನನಗೆ ಆಸೆಯಾಯಿತು.

“ನಿಲುಗಡೆ ಎಷ್ಟದಾವ್ರಿ?” ಎಂದು ಕೇಳಿದೆ.

“ಭಾಳ ಇಲ್ರಿ. ನಡದ ನೋಡ್ರಿ, ನಿಮಗ ತಿಳೀತೈತಿ,” ಎಂದರು.

ಬೆಲೆ ಹೇಳಿದರು. ನಾನು ರೂಢಿಯಂತೆ ಅರ್ಧಕ್ಕೆ ಕೇಳಿದೆ, ಆಯಿತು ಎಂದುಬಿಟ್ಟರು. ಚೌಕಾಶಿಗೆ ಟೊಂಕ ಕಟ್ಟಿ ಬಂದವಳಿಗೆ ಇದಕ್ಕಿಂತ ದೊಡ್ಡ ಅವಮಾನ ಇನ್ನೊಂದಿಲ್ಲ. ಅಷ್ಟಕ್ಕೇ ಬಿಡದೆ ಒಳಗೆ ಹೋಗಿ ಜ್ಯಾಕು, ಮಳೆಗಾಲದ ಟಾರ್ಪಾಲು, ಹೊಸ ಬ್ಯಾಟರಿ ಎಲ್ಲ ತಂದು ನನ್ನ ಮುಂದೆ ಇಟ್ಟರು. “ಒಯ್ರಿ. ನನಗ ಇನ್ನ ಇವೇನೂ ಬೇಕಾಗಂಗಿಲ್ಲ,” ಎಂದರು. ಒಳಗೆ ನೋಡಿದರೆ ಮನೆಯೇ ಖಾಲಿ ಖಾಲಿ. ಮಿಕ್ಸರು ಪಕ್ಕದ ಮನೆಯವರಿಗೆ ಕೊಟ್ಟರಂತೆ, ಮಂಚ ಯಾರಿಗೋ ಕೊಟ್ಟರಂತೆ. ಊರು ಬಿಡುವವರಿರಬೇಕು ಅಂದುಕೊಂಡೆ. ನನ್ನ ತಲೆಯ ತುಂಬ ಆಗ ವ್ಯಾನೊಂದೇ ಇತ್ತು. ಇಷ್ಟು ಸಸ್ತಾ ಕೊಡುತ್ತಾರೆಂದರೆ ಎಲ್ಲೋ ಗುದ್ದಿರಬೇಕು, ಬಣ್ಣ ಹೊಡೆದು ಮುಚ್ಚಿರಬೇಕು ಎಂದು ಅದರ ಹೊಟ್ಟೆಯ ಕೆಳಗೆಲ್ಲ ಬಗ್ಗಿ ನೋಡಿದೆ. ಒಂದು ಗೀರೂ ಇರಲಿಲ್ಲ.

ಮರುದಿನ ಅಗಸಿಯ ಮುಂದೆ ವ್ಯಾನಿನ ಬೆನ್ನು ತಟ್ಟಿದೆ. ಅದು ಮೊದಲು ಹೋಗಿ ನಿಂತದ್ದು ಹೂವಿನ ಪೇಟೆಯಲ್ಲಿ. ಹೂವು ಕಟ್ಟುತ್ತಿದ್ದ ಮುದುಕಿ ನನ್ನನ್ನು ನೋಡಿ ಎದ್ದು ಬಂದಳು. “ಲೈನ್‌ಮ್ಯಾನರ ಗಾಡಿ ಹೌದಿಲ್ಲೋ? ಒಂದು ಮೊಳ ಅಬ್ಬಲಿಗಿ ಮುಂದ ಇಡು, ಹೋಗ್ತೈತಿ. ಹೆಂಡತಿ ಹೋದ ಮ್ಯಾಲೂ ಒಂದ ದಿನ ತಪ್ಪಿಸಿಲ್ಲ ಪುಣ್ಯಾತ್ಮ,” ಎಂದಳು. ಹೂವು ಇಟ್ಟೆ, ಹೊರಟಿತು. ಹಾಲಿನ ಡೇರಿಯ ಮುಂದೆ ನಿಂತಿತು, ಕ್ಯಾನಿನ ಸದ್ದು ಕೇಳಿ ಹೊರಟಿತು. ಹಳೆಯ ಕರೆಂಟ್ ಆಫೀಸಿನ ಹುಣಸೆ ಮರದ ಕೆಳಗೆ ನಿಂತಿತು, ಅಲ್ಲಿ ಯಾರೋ ನಮಸ್ಕಾರ ಎಂದರು, ಹೊರಟಿತು. ಎಷ್ಟು ಸಭ್ಯ ಗಾಡಿ! ಮೂರೂ ನಮ್ಮ ದಾರಿಯಲ್ಲಿ ಇಲ್ಲದ ಜಾಗಗಳು. ಗಂಡನನ್ನು ಹಿಂದಿನ ಸೀಟಿನಲ್ಲಿ ಮಲಗಿಸಿಕೊಂಡು ಸುಸೂತ್ರವಾಗಿ ಸೇತುವೆ ದಾಟುತ್ತಿರುವ ಹಾಗೆ ಕಣ್ಣಿಗೆ ಕಟ್ಟಿತು. ಗಾಡಿ ಓಡಿಸುವುದನ್ನು ನಾನು ಗಿರಣಿಗೆ ಕಾಳು ತರುವವರ ಟೆಂಪೋದಲ್ಲಿ ಹಟ ಹಿಡಿದು ಕಲಿತಿದ್ದೆ.

ಆಮೇಲೆ ವ್ಯಾನು ಸೇತುವೆಯ ರಸ್ತೆಗೆ ಹೊರಳಿತು.

ನಿಲ್ಲಬೇಡ ನನ್ನವ್ವಾ, ಇಲ್ಲಿ ಮಾತ್ರ ನಿಲ್ಲಬೇಡ ಎಂದು ಹಿಂದೆ ನಡೆಯುತ್ತಲೇ ಬೇಡಿಕೊಂಡೆ. ಸೇತುವೆಯ ನಡುಮಧ್ಯ, ಹೊಳೆ ಆಳವಾಗಿ ತಿರುಗುವ ಕಡೆ, ಅದು ನಿಂತಿತು.

ಅಲ್ಲಿ ಏನಿದೆ? ಅಂಗಡಿಯಿಲ್ಲ, ಗುಡಿಯಿಲ್ಲ, ನೆರಳಿಲ್ಲ. ಹೊಳೆಗೆ ನಾಣ್ಯ ಹಾಕಿದೆ. ಅಬ್ಬಲಿಗೆಯ ತುಂಡು ಹರಿದು ಎಸೆದೆ. ಕೈ ಮುಗಿದೆ, ಬೈದೆ. ಹಿಂದೆ ಕಬ್ಬಿನ ಟ್ರ್ಯಾಕ್ಟರ್ ಬಂದು ನಿಂತಿತು. ಅದರ ಡ್ರೈವರು ತಾಳ್ಮೆಯಿಂದ ಬೀಡಿ ಹಚ್ಚಿ, “ಒಳಗ ಕುಂತು ನೋಡ್ರೆವ್ವಾ, ಡ್ರೈವರ್‌ದು ಏನರ ಕೆಲಸ ಇರಬೇಕು,” ಎಂದ. ಕೂತೆ, ಕೀಲಿ ತಿರುಗಿಸಿದೆ, ಜಗ್ಗಲಿಲ್ಲ. ಸಿಟ್ಟು ನೆತ್ತಿಗೇರಿ ಬಾಗಿಲು ತೆಗೆದು ಇಳಿದೆ, ಸೇತುವೆಯ ಅಂಚಿನ ಕಬ್ಬಿಣದ ಕಟಕಟೆಯ ತನಕ ಹೋಗಿ ಹೊಳೆಯ ಗಾಳಿಗೆ ಮುಖವೊಡ್ಡಿ ನಿಂತೆ. ಟ್ರ್ಯಾಕ್ಟರಿನವನು ಹಾರ್ನ್ ಹೊಡೆದ. ತಿರುಗಿ ಬಂದು ಕೂತೆ. ಕೂತದ್ದೇ ತಡ, ವ್ಯಾನು ಹೊರಟುಬಿಟ್ಟಿತು.

ಸೇತುವೆ ದಾಟಿ ತಿರುಗಿಸಿಕೊಂಡು ಮತ್ತೆ ಬಂದೆ. ಅದೇ ಜಾಗ, ನಿಂತಿತು. ಇಳಿದೆ, ಕಟಕಟೆಗೆ ಹೋದೆ, ಮರಳಿ ಬಂದು ಕೂತೆ, ಹೊರಟಿತು. ಎರಡನೆಯ ಸಲ ಕಟಕಟೆಯ ಹತ್ತಿರ ನಿಂತಾಗ ಕೆಳಗೆ ನೋಡಿದೆ. ಸೇತುವೆಯುದ್ದಕ್ಕೂ ಕಟಕಟೆಗೆ ಹಸಿರು ಬಣ್ಣ, ನಾನು ನಿಂತಲ್ಲಿ ಮಾತ್ರ ಎರಡು ಕೈ ಹಿಡಿಯುವಷ್ಟು ಅಗಲಕ್ಕೆ ಬಣ್ಣ ಸವೆದು ಕಬ್ಬಿಣ ಹೊಳೆಯುತ್ತಿತ್ತು. ಖಾಲಿ ಮನೆ ನೆನಪಾಯಿತು. ನನಗೆ ಇನ್ನ ಇವೇನೂ ಬೇಕಾಗಂಗಿಲ್ಲ ಎಂದದ್ದು ನೆನಪಾಯಿತು. ಕಟಕಟೆಯ ಮೇಲಿಂದ ಕೈ ಹಿಂದಕ್ಕೆ ತೆಗೆದೆ.

ಮನುಷ್ಯರ ಮನಸ್ಸು ಎಂಥದು ನೋಡಿ. ಅಷ್ಟು ಹೆದರಿಕೆಯಲ್ಲೂ ಒಂದು ಗಳಿಗೆ, ಇದೇನು ದೊಡ್ಡ ನಿಲುಗಡೆಯಲ್ಲ, ಇಳಿದು ಹತ್ತಿದರೆ ಮುಗಿಯಿತು, ಗಾಡಿ ಬಿಡಬಾರದು ಎನ್ನಿಸಿತು. ಗಂಡನ ಉಸಿರು ಸಿಕ್ಕಿಕೊಂಡ ಆ ಬೆಳಗು ನನ್ನ ಕಣ್ಣ ಮುಂದಿನಿಂದ ಇನ್ನೂ ಹೋಗಿರಲಿಲ್ಲ. ಆದರೂ ವ್ಯಾನನ್ನು ಸೀದಾ ಮುರಿಗೆಪ್ಪನವರ ಅಂಗಳಕ್ಕೆ ಓಡಿಸಿದೆ. ಅವರು ಕಟ್ಟೆಯ ಮೇಲೆ ಕೂತು ಚಹಾ ಕುಡಿಯುತ್ತಿದ್ದರು.

“ಗಾಡಿ ಹೆಂಗ ಅನಿಸ್ತ್ರಿ?” ಎಂದರು.

“ಗಾಡಿ ಚಲೋ ಐತಿ. ಸೇತುವೆ ಮ್ಯಾಲೆ ನಿಂತಿತ್ತು.”

ಅವರು ಲೋಟ ಕೆಳಗಿಟ್ಟರು. “ಅಲ್ಲಿ ಭಾಳ ಹೊತ್ತು ನಿಂದರೂದಿಲ್ರಿ. ಬಿಡತೈತಿ.”

“ಬಿಡತೈತಿ. ಇಳದು ಕಟಕಟಿ ತನಕ ಹೋಗಿ, ಹೊಳ್ಳಿ ಬಂದು ಕುಂತ ಮ್ಯಾಲೆ ಬಿಡತೈತಿ. ಹೊಳ್ಳಿ ಬರಲಿಲ್ಲಂದ್ರ?”

ಮುರಿಗೆಪ್ಪನವರು ವ್ಯಾನಿನ ಕಡೆ ನೋಡುತ್ತ ಹೇಳಿದರು. “ಅಲ್ಲೇ ನಿಂದರತೈತ್ರಿ. ಅದ ತ್ರಾಸ. ಸೇತುವೆ ಸಣ್ಣದು. ಹಿಂದ ಒಂದಿನ ಹಾಲಿನ ಟೆಂಪೋ, ಒಂದಿನ ಸಾಲಿ ಬಸ್ಸು ಬಂದು ನಿಂದರತಾವ. ಪಾಪ, ಹಾರ್ನ್ ಹೊಡೀತಾರ. ನನ್ನ ಗಾಡಿ ಅಡ್ಡ ಆಗೈತಲ್ಲಾ, ಮಕ್ಕಳಿಗೆ ಸಾಲಿಗೆ ಹೊತ್ತಾಗತೈತಲ್ಲಾ ಅನಸ್ತೈತಿ. ಬಂದು ಕುಂದರತೀನಿ. ಎರಡು ವರ್ಷ ಆತು, ಇದ ನಡದೈತಿ.”

“ಅದಕ್ಕ ಮಾರಾಕತ್ತೀರಿ.”

“ಹೌದ್ರಿ. ನಡಕೊಂಡು ಹೋದ್ರ ಯಾರಿಗೂ ತ್ರಾಸ ಇಲ್ಲ.”

ಇಷ್ಟು ಮೆತ್ತಗೆ, ಇಷ್ಟು ಮರ್ಯಾದೆಯಿಂದ ಹೇಳಿದರು. ನನಗೆ ಅಳು ಬಂತು, ಅಳುವಿಗಿಂತ ಮೊದಲು ಸಿಟ್ಟು ಬಂತು. “ಮುರಿಗೆಪ್ಪಾರ, ಎರಡು ವರ್ಷ ಈ ಗಾಡಿ ನಿಮ್ಮನ್ನ ದಿನಾ ಹೊಳ್ಳಿ ಕರಕೊಂಡು ಬಂದೈತಿ. ಅದನ್ನ ನಾನು ಒಯ್ದು, ಅದರಾಗ ನನ್ನ ಗಂಡನ್ನ ಕುಂದರಿಸಿಕೊಂಡು, ಅದ ಸೇತುವೆ ದಾಟಲೇನು? ನನಗ ಆಗೂದಿಲ್ಲ. ಗಾಡಿ ನನಗ ಬ್ಯಾಡ,” ಎಂದೆ. ಊರಲ್ಲಿ ನೋಡುವುದಕ್ಕೆ ಬೇರೆ ಗಾಡಿಯೇ ಉಳಿದಿರಲಿಲ್ಲ.

ಅವರು ತಲೆ ತಗ್ಗಿಸಿದರು. ನನ್ನ ಬಾಯಿಂದ ಮುಂದಿನ ಮಾತು ತಾನೇ ಹೊರಬಂತು. “ಗಾಡಿ ನಿಮ್ಮದ ಇರಲಿ. ನಾಳೆ ಮುಂಜಾನೆ ಐದೂವರಿಗೆ ಅಗಸಿ ಹತ್ರ ಗಿರಣಿ ನೀಲವ್ವನ ಮನಿ ಎಲ್ಲಿ ಅಂತ ಕೇಳಿಕೊಂಡು ಬರ್ರಿ. ನನ್ನ ಗಂಡನ್ನ ದವಾಖಾನಿಗೆ ಬಿಡಬೇಕು. ನೀವ ಓಡಿಸ್ರಿ.”

“ಸೇತುವೆ ಮ್ಯಾಲೆ ನಿಂದರತೈತಲ್ರೀ.”

“ನಿಂದರಲಿ. ಅದಕ್ಕ ಐದೂವರಿಗೆ ಬರ್ರಿ ಅಂದದ್ದು. ನೀವು ಬರಲಿಲ್ಲಂದ್ರ ನಾನು ಬ್ಯಾರೆ ಆಟೋ ಹೇಳಿರೂದಿಲ್ಲ, ತಿಳೀತಿಲ್ಲೋ? ನನ್ನ ಗಂಡ ಬಾಗಲದಾಗ ಕುಂತಿರ್ತಾನ,” ಎಂದು ಹೇಳಿ, ಅವರು ಏನಾದರೂ ಅನ್ನುವ ಮೊದಲೇ ಎದ್ದು ಬಂದೆ.

ಮನೆಯಲ್ಲಿ ದ್ಯಾಮಣ್ಣ ಎಲ್ಲ ಕೇಳಿ, “ಗಾಡಿ ನೋಡಾಕ ಹೋಗಿ ಡ್ರೈವರನ್ನ ಆರಿಸ್ಕೊಂಡು ಬಂದಿಯಲ್ಲ,” ಎಂದು ನಕ್ಕ. ನನಗೆ ನಗು ಬರಲಿಲ್ಲ. ಇಬ್ಬರ ಜೀವವನ್ನು ಒಂದೇ ಬುಟ್ಟಿಯಲ್ಲಿ ಹಾಕಿ ಬಂದೆನಲ್ಲ ಎಂದು ದಿಗಿಲಾಯಿತು. ಬರದಿದ್ದರೆ ನನ್ನ ಗಂಡನ ಗತಿ ಏನು? ಬರದಿದ್ದರೆ ಅವರ ಗತಿಯೂ ಅದೇ ಅಲ್ಲವೇ? ಬೆಳಗಾಗುತ್ತಲೇ ದ್ಯಾಮಣ್ಣನಿಗೆ ಶಾಲು ಹೊದಿಸಿ ಹೊಸ್ತಿಲ ಮೇಲೆ ಕುರ್ಚಿ ಹಾಕಿ ಕೂರಿಸಿದೆ. ಐದೂವರೆ ಆಯಿತು, ದಾಟಿತು. ನಾನು ಬಾಗಿಲಿಗೂ ಓಣಿಯ ತಿರುವಿಗೂ ಓಡಾಡುತ್ತ ನನಗೆ ಗೊತ್ತಿದ್ದ ದೇವರನ್ನೆಲ್ಲ ಕರೆದೆ. ಆಗ ತಿರುವಿನಲ್ಲಿ ಬಿಳಿ ವ್ಯಾನು ಕಂಡಿತು. ಡ್ಯಾಶ್‌ಬೋರ್ಡಿನ ಮೇಲೆ ಅಬ್ಬಲಿಗೆಯ ದಂಡೆಯಿತ್ತು.

“ಹೂವಿನಾಕಿ ಇನ್ನ ಬುಟ್ಟಿ ಇಳಿಸಿರಲಿಲ್ರಿ, ತಡ ಆತು,” ಎಂದು ಮುರಿಗೆಪ್ಪನವರು ಬಾಗಿಲು ತೆಗೆದರು. ನನಗೆ ಅವರ ಕಾಲಿಗೆ ಬೀಳಬೇಕೆನ್ನಿಸಿತು, ಬದಲಿಗೆ ತಡಮಾಡಿದ್ದಕ್ಕೆ ಬೈದೆ.

ಸೇತುವೆಯ ನಡುವೆ ವ್ಯಾನು ನಿಂತಿತು. ಮುರಿಗೆಪ್ಪನವರ ಕೈ ಬಾಗಿಲ ಹಿಡಿಕೆಯ ಮೇಲಿತ್ತು, ಆದರೆ ಇಳಿಯಲಿಲ್ಲ. ನಮ್ಮೆದುರಿಗೆ ಇಳಿಯಲು ಅವರಿಗೆ ನಾಚಿಕೆ. ಕಿವಿಯೆಲ್ಲ ಕೆಂಪಾಗಿತ್ತು. ದ್ಯಾಮಣ್ಣನೇ ಹಿಂದಿನಿಂದ, “ಇಳೀರಿ, ನಾನೂ ಇಳೀತೀನಿ. ಕಾಲು ಹಿಡಕೊಂಡಾವ. ಸ್ವಲ್ಪ ಕೈ ಕೊಡ್ರಿ,” ಎಂದ.

ಇಬ್ಬರೂ ಇಳಿದರು. ದ್ಯಾಮಣ್ಣನಿಗೆ ನಿಲ್ಲುವ ಶಕ್ತಿಯಿರಲಿಲ್ಲ, ಮುರಿಗೆಪ್ಪನವರ ರಟ್ಟೆಯನ್ನು ಎರಡೂ ಕೈಯಲ್ಲಿ ತಬ್ಬಿ ಹಿಡಿದುಕೊಂಡಿದ್ದ. ಹಾಗೆಯೇ ಕಟಕಟೆಯ ತನಕ ಹೋಗಿ ಹೊಳೆ ನೋಡುತ್ತ ನಿಂತರು. ನನಗೆ ಇಬ್ಬರ ಬೆನ್ನು ಮಾತ್ರ ಕಾಣುತ್ತಿತ್ತು. ಹಿಂದೆ ಹಾಲಿನ ಟೆಂಪೋ ಬಂದು ಹಾರ್ನ್ ಹೊಡೆಯಿತು.

“ನಡೀರಿ ಮುರಿಗೆಪ್ಪಾರ,” ಎಂದ ನನ್ನ ಗಂಡ. “ಯಂತ್ರ ಬ್ಯಾರೇದವರಿಗೆ ಕೊಟ್ಟಗಿಟ್ಟಾರು.”

ಅವನು ರಟ್ಟೆ ಬಿಟ್ಟಿರಲಿಲ್ಲವಲ್ಲ, ಮುರಿಗೆಪ್ಪನವರು ಬರಲೇಬೇಕಾಯಿತು. ಅವನನ್ನು ಜೋಪಾನವಾಗಿ ಹತ್ತಿಸಿ, ಶಾಲು ಸರಿಮಾಡಿ, ಆಮೇಲೆ ತಾವು ಕೂತರು. ವ್ಯಾನು ಹೊರಟಿತು. ಆಸ್ಪತ್ರೆಯಲ್ಲಿ ದ್ಯಾಮಣ್ಣ ಯಂತ್ರದ ಪಕ್ಕದಲ್ಲಿ ಮಲಗಿದ್ದ ಹೊತ್ತಿನಲ್ಲಿ ನಾನು ಮುರಿಗೆಪ್ಪನವರನ್ನು ಮನಸ್ಸಿನ ಕಾಯಿಲೆ ನೋಡುವ ಡಾಕ್ಟರಮ್ಮನ ಕೋಣೆಗೆ ಕರೆದುಕೊಂಡು ಹೋಗಿ ಕೂರಿಸಿದೆ. ಮೊದಲು ತಮಗೇನಾಗಿದೆ ಎಂದರು. ಹೇಗೂ ಕಾಯಬೇಕಲ್ಲ, ಕೂತುಕೊಳ್ಳಿ ಎಂದೆ. ಈಗ ತಾವೇ ಹೋಗುತ್ತಾರೆ.

ಹೀಗೆ ವಾರಕ್ಕೆ ಮೂರು ಸಲ ನಡೆದುಕೊಂಡು ಬಂತು. ಮಳೆಗಾಲ ಮುಗಿದು ಚಳಿ ಬಂತು. ವ್ಯಾನು ಸೇತುವೆಯ ಮೇಲೆ ಈಗಲೂ ನಿಲ್ಲುತ್ತದೆ, ಇಲ್ಲವೆಂದು ನಾನು ಸುಳ್ಳು ಹೇಳಲಾರೆ. ಇಬ್ಬರೂ ಇಳಿಯುತ್ತಾರೆ, ಏನೋ ಮಾತಾಡಿಕೊಳ್ಳುತ್ತಾರೆ, ನಾನು ಹೊತ್ತಾಯಿತು ಎಂದು ಕೂಗುತ್ತೇನೆ, ಬಂದು ಕೂರುತ್ತಾರೆ. ನಾವು ಇಷ್ಟು ದಿನದಲ್ಲಿ ಒಂದು ಸಲವೂ ಆಸ್ಪತ್ರೆಗೆ ತಡವಾಗಿ ಹೋಗಿಲ್ಲ.

ಹೋದ ಭಾನುವಾರ ಆಸ್ಪತ್ರೆಯ ದಿನವಲ್ಲ. ಬೆಳಿಗ್ಗೆ ರೊಟ್ಟಿ ಬಡಿಯುತ್ತಿದ್ದೆ, ಬಾಗಿಲಲ್ಲಿ ಹಾರ್ನ್ ಕೇಳಿಸಿತು. ಕೈಯ ಹಿಟ್ಟು ಕೊಡವುತ್ತ ಹೊರಗೆ ಬಂದರೆ ಬಿಳಿ ವ್ಯಾನು. ಮುರಿಗೆಪ್ಪನವರು ಒಗೆದ ಬಿಳಿ ಅಂಗಿ ಹಾಕಿಕೊಂಡು ಕೂತಿದ್ದರು.

“ಏನ್ರಿ, ದಿನ ಮರತ್ರೇನು? ಇವತ್ತ ರವಿವಾರ,” ಎಂದೆ.

“ಗೊತ್ತೈತ್ರಿ. ನಾ ಸಂತಿಗೆ ಹೊಂಟಿದ್ದೆ. ಈ ಗಾಡಿ ನೋಡ್ರಿ, ನಿಮ್ಮ ಬಾಗಲಾಗ ಬಂದು ನಿಂತಬಿಡ್ತು. ದ್ಯಾಮಣ್ಣಾರು ಹತ್ತಿ ಕುಂತ ಹೊರತು ಬಿಡೂದಿಲ್ಲ ಕಾಣಸ್ತೈತಿ,” ಎಂದು ಮುಖ ಆಚೆ ತಿರುಗಿಸಿಕೊಂಡರು.

ನಾನು ಓಣಿಯನ್ನು ನೋಡಿದೆ. ಸಂತೆ ಇರುವುದು ಊರಿನ ಇನ್ನೊಂದು ತುದಿಗೆ. ನಮ್ಮ ಓಣಿಯಿಂದ ಸಂತೆಗಿರಲಿ, ಎಲ್ಲಿಗೂ ದಾರಿಯಿಲ್ಲ, ನಮ್ಮ ಮನೆ ದಾಟಿದರೆ ಎಣ್ಣೆ ಗಾಣದ ಹಿತ್ತಿಲ ಗೋಡೆ. ಈ ಓಣಿಗೆ ಹೊರಳಬೇಕೆಂದರೆ ನಮ್ಮ ಮನೆಗೇ ಬರಬೇಕೆಂದು ಸ್ಟಿಯರಿಂಗ್ ತಿರುಗಿಸಬೇಕು. ಒಳಗೆ ಹೋದೆ.

“ಯಾರದು?” ಎಂದ ದ್ಯಾಮಣ್ಣ.

“ಲಗೂನ ಅಂಗಿ ಹಾಕ್ಕೋರಿ,” ಎಂದೆ. “ಗಾಡಿ ಬಂದು ಕಾಯಾಕತ್ತೈತಿ.”